ತಮ್ಮನನ್ನು ಬೈಪೋಲಾರ್ ಗುಂಪಿಗೆ ಕಳಿಸಬಹುದಾ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಹಳ್ಳಿ. ನನ್ನ ತಮ್ಮನಿಗೆ 29 ವರ್ಷ, ಬೈಪೋಲಾರ್ ಕಾಯಿಲೆ ಇದೆ. ದುಬೈಯಲ್ಲಿ ಕೆಲಸದಲ್ಲಿದ್ದಾಗ ಮೊದಲ ಸಲ ಮೇನಿಯಾ (ಮನಸ್ಸು ಮಿತಿಮೀರಿ ಏರುವುದು) ಬಂತು, ಊರಿಗೆ ಕರೆತಂದೆವು. ಹೋದ ವರ್ಷ ಮತ್ತೊಮ್ಮೆ ಬಂತು. ನಡುವೆ ಕೆಲವು ತಿಂಗಳು ಡಿಪ್ರೆಶನ್. ಈಗ ಲಿಥಿಯಂ ತೆಗೆದುಕೊಳ್ಳುತ್ತಾನೆ, ಏಳು ತಿಂಗಳಿಂದ ಚೆನ್ನಾಗಿದ್ದಾನೆ. ತೋಟ ನೋಡಿಕೊಳ್ಳುತ್ತಾನೆ, ಊರಿನ ಯಕ್ಷಗಾನ ಸಂಘದಲ್ಲಿ ಮದ್ದಳೆ ಬಾರಿಸುತ್ತಾನೆ. ಡಾಕ್ಟರು ಈಗ ಗ್ರೂಪ್ ಥೆರಪಿಗೆ ಸೇರಿಸಿ ಅನ್ನುತ್ತಿದ್ದಾರೆ. ಊರಿಗೆಲ್ಲ ಗೊತ್ತಾಗಿ ಮದುವೆ ತಪ್ಪುತ್ತದೆ ಎಂದು ಅಮ್ಮನಿಗೆ ಹೆದರಿಕೆ. ಬೇರೆಯವರ ಕಥೆ ಕೇಳಿ ಇವನಿಗೆ ಜಾಸ್ತಿ ಆದರೆ ಎಂದು ನನಗೆ ಹೆದರಿಕೆ. ಹತ್ತಿರದ ಗುಂಪಿನಲ್ಲಿ ಮಾತೆಲ್ಲ ಮಲಯಾಳದಲ್ಲಿ. ಇನ್ನು ತಮ್ಮ ಕೇಳುವುದು ಒಂದೇ: ಗುಂಪಿಗೆ ಹೋದರೆ ಮದ್ದು ಬಿಡಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಬಿಡುವ ಹಾಗಿಲ್ಲ. ಲಿಥಿಯಂ ದಿಢೀರನೆ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಮೇನಿಯಾ ಮರಳಿ ಬರುವ ಸಂಭವ ತುಂಬ ಜಾಸ್ತಿ. ಮುಂದೆ ಎಂದಾದರೂ ಕಡಿಮೆ ಮಾಡಬೇಕು ಅನ್ನಿಸಿದರೆ ಅದನ್ನು ಡಾಕ್ಟರು ನಿಧಾನವಾಗಿ, ನೋಡಿಕೊಂಡು ಮಾಡುತ್ತಾರೆ. ನಿಮ್ಮ ತಮ್ಮನಿಗೆ ಇದು ಬೇಸರದ ಮಾತು ಎಂದು ಗೊತ್ತು. ಆದರೆ ಆ ಪ್ರಶ್ನೆಯನ್ನು ಎತ್ತಲು ಗುಂಪಿಗಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿ ಬಂದು ಕೂರುವವರಲ್ಲಿ ಹಲವರು ಒಂದಲ್ಲ ಒಂದು ಸಲ ಮದ್ದು ಬಿಟ್ಟು ನೋಡಿದವರೇ. ಬಿಟ್ಟ ಮೇಲೆ ಏನಾಯಿತು ಎಂದು ಅವರೇ ಹೇಳುತ್ತಾರೆ. ಡಾಕ್ಟರು ಹತ್ತು ಸಲ ಹೇಳಿದರೂ ನಾಟದ್ದು ಅವರ ಒಂದು ಮಾತಿಗೆ ನಾಟುತ್ತದೆ.

ಉಳಿದ ಎಲ್ಲದಕ್ಕೂ ಸೇರಿಸಿ ನನ್ನ ಉತ್ತರ: ಕಳಿಸಿ. ಅದೂ ಈಗಲೇ ಕಳಿಸಿ.

ಏಳು ತಿಂಗಳಿಂದ ಚೆನ್ನಾಗಿದ್ದಾರೆ ಎಂದು ಬರೆದಿದ್ದೀರಿ. "ಈಗ ಸರಿ ಇದ್ದಾನಲ್ಲ, ಇನ್ನು ಯಾಕೆ ಕೆದಕುವುದು?" ಎಂದು ಮನೆಯಲ್ಲಿ ಯಾರಾದರೂ ಖಂಡಿತ ಹೇಳಿರುತ್ತಾರೆ. ಹಂಚು ಸರಿ ಮಾಡುವುದು ಮಳೆ ಹಿಡಿಯುವ ಮೊದಲು ತಾನೆ? ಮೇನಿಯಾ ಏರಿದವರನ್ನು ಗುಂಪಿಗೆ ಸೇರಿಸಿಕೊಳ್ಳುವುದಿಲ್ಲ. ಅವರಿಗೆ ಕೂತು ಕೇಳುವ ತಾಳ್ಮೆ ಇರುವುದಿಲ್ಲ, ಉಳಿದವರಿಗೂ ಕಷ್ಟ. ಡಿಪ್ರೆಶನ್ನಿನ ಆಳದಲ್ಲಿ ಇರುವವರಿಗೆ ಹೊಸ ಮುಖಗಳ ಎದುರು ಕೂರುವುದೇ ಒಂದು ಹೊರೆ. ಗುಂಪಿನಲ್ಲಿ ಕಲಿಯುವ ಕೆಲಸ ಇರುತ್ತದೆ. ಕಲಿಯಲು ತಲೆ ಹಗುರ ಇರಬೇಕು.

ಇದು ನನ್ನ ಅಂದಾಜಲ್ಲ. ಸ್ಪೇನಿನ ಬಾರ್ಸಿಲೋನಾದಲ್ಲಿ ಫ್ರಾನ್ಸೆಸ್ಕ್ ಕೊಲೊಮ್, ಎಡ್ವರ್ಡ್ ವಿಯೆಟಾ ಮತ್ತು ಅವರ ಜೊತೆಯವರು 120 ಬೈಪೋಲಾರ್ ರೋಗಿಗಳ ಮೇಲೆ ಒಂದು ಅಧ್ಯಯನ ನಡೆಸಿ 2003ರಲ್ಲಿ ಪ್ರಕಟಿಸಿದರು. ಎಲ್ಲರೂ ಕನಿಷ್ಠ 6 ತಿಂಗಳಿಂದ ಆರಾಮವಾಗಿ ಇದ್ದವರು, ಎಲ್ಲರೂ ಮದ್ದು ತೆಗೆದುಕೊಳ್ಳುತ್ತಿದ್ದವರು. ಅರ್ಧ ಜನರನ್ನು 8ರಿಂದ 12 ಮಂದಿಯ ಗುಂಪುಗಳಲ್ಲಿ ಕೂರಿಸಿ 21 ಸಲ, ಸಲಕ್ಕೆ 90 ನಿಮಿಷ, ಕಾಯಿಲೆಯ ಬಗ್ಗೆ ಕ್ರಮವಾಗಿ ಕಲಿಸಿದರು. ಇನ್ನರ್ಧ ಜನ ಸುಮ್ನೆ ಸೇರಿ ಮಾತಾಡಿ ಹೋದರು. ಎರಡು ವರ್ಷ ಕಳೆಯುವಾಗ ಸುಮ್ನೆ ಸೇರಿದವರಲ್ಲಿ 92 ಶೇಕಡ ಜನಕ್ಕೆ ಕಾಯಿಲೆ ಮರುಕಳಿಸಿತ್ತು, ಕಲಿತವರಲ್ಲಿ 67 ಶೇಕಡ ಜನಕ್ಕೆ.

67 ಕೂಡ ದೊಡ್ಡ ಸಂಖ್ಯೆಯೇ, ಅಲ್ವಾ? ಗುಂಪಿಗೆ ಸೇರಿದರೆ ಇನ್ನು ಬರುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಇನ್ನೊಂದು ಲೆಕ್ಕ. ಅದೇ ಜನರನ್ನು ಐದು ವರ್ಷದವರೆಗೆ ನೋಡಿದಾಗ, ಕಲಿತವರು ಕಾಯಿಲೆಯಲ್ಲಿ ಕಳೆದದ್ದು ಸರಾಸರಿ 154 ದಿನ. ಉಳಿದವರು 586 ದಿನ. ಕಾಯಿಲೆ ಬಂದರೂ ಬೇಗ ಗುರುತಿಸಿ ಬೇಗ ತಡೆದರು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಒಂದು ವರ್ಷಕ್ಕೂ ಮೇಲ್ಪಟ್ಟ ಬದುಕು ಉಳಿಯಿತು.

ಇದಕ್ಕೆ ಎದುರು ಸಾಕ್ಷಿಯೂ ಇದೆ, ಅದನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ 304 ಜನರ ಮೇಲೆ ಇದೇ ಬಗೆಯ 21 ತರಗತಿಯ ಗುಂಪನ್ನೂ, ಕಾಯಿಲೆ ಇದ್ದವರು ಒಬ್ಬರಿಗೊಬ್ಬರು ಆಸರೆಯಾಗುವ ಗುಂಪನ್ನೂ ಹೋಲಿಸಿ ನೋಡಿದರು. 2016ರಲ್ಲಿ ಫಲಿತಾಂಶ ಬಂತು. ಒಟ್ಟಾರೆ ನೋಡಿದರೆ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಅದಕ್ಕೆ ಮೊದಲು ಏಳು ಸಲದೊಳಗೆ ಕಾಯಿಲೆ ಬಂದವರಿಗೆ ಮಾತ್ರ ಕಲಿಸುವ ಗುಂಪಿನಿಂದ ಲಾಭ ಆಗಿತ್ತು. ಹಲವು ಸಲ ಬಂದು ಹೋದ ಮೇಲೆ ಸೇರಿದವರಿಗೆ ಅಷ್ಟು ಪ್ರಯೋಜನ ಕಾಣಲಿಲ್ಲ. ನಿಮ್ಮ ತಮ್ಮನಿಗೆ ಎರಡು ಮೇನಿಯಾ, ಒಂದು ಡಿಪ್ರೆಶನ್. "ಈಗಲೇ" ಎಂದು ನಾನು ಒತ್ತಿ ಹೇಳುವುದು ಇದಕ್ಕೆ.

ಇನ್ನು ಗುಂಪಿನೊಳಗೆ ಏನು ನಡೆಯುತ್ತದೆ ಎಂಬುದು. ಸಿನಿಮಾದಲ್ಲಿ ತೋರಿಸುವ ಹಾಗೆ ಸುತ್ತ ಕೂತು ಒಬ್ಬೊಬ್ಬರೇ ಅಳುವುದು ಎಂದುಕೊಂಡಿದ್ದರೆ ಅದನ್ನು ಬಿಡಿ. ಹೆಚ್ಚಿನ ಹೊತ್ತು ಒಂದು ಸಣ್ಣ ತರಗತಿಯ ಹಾಗೇ ಇರುತ್ತದೆ. ಕಾಯಿಲೆ ಅಂದರೇನು, ಮದ್ದು ಏನು ಮಾಡುತ್ತದೆ, ಕುಡಿತ ಮತ್ತು ಗಾಂಜಾ ಏನು ಮಾಡುತ್ತವೆ, ಬರುವ ಮೊದಲು ಯಾವ ಸೂಚನೆ ಕಾಣುತ್ತದೆ, ದಿನಚರಿ ಹೇಗಿರಬೇಕು. ಬಾರ್ಸಿಲೋನಾದಲ್ಲಿ ಕಲಿಸಿದ್ದೂ ಹೆಚ್ಚುಕಡಿಮೆ ಇಷ್ಟನ್ನೇ. ನಮ್ಮ ಕಡೆ 21 ವಾರ ನಡೆಸುವುದು ಕಷ್ಟ, ಸಿಬ್ಬಂದಿ ಇರುವುದಿಲ್ಲ. ಆರೆಂಟು ಸಲಕ್ಕೆ ಮುಗಿಸುವುದೇ ಸಾಮಾನ್ಯ. ಅಷ್ಟಾದರೂ ಒಳ್ಳೆಯದೇ.

ಮದ್ದಿನ ತರಗತಿಯ ದಿನ ತುಂಬ ಪ್ರಶ್ನೆಗಳು ಬರುತ್ತವೆ. ಲಿಥಿಯಂ ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು. 1.5 ದಾಟಿದರೆ ಅಪಾಯ. ಕೈ ಜೋರಾಗಿ ನಡುಗುತ್ತದೆ, ನಡೆಯುವಾಗ ತೂರಾಡಿದ ಹಾಗೆ ಆಗುತ್ತದೆ, ವಾಂತಿ-ಭೇದಿ ಶುರುವಾಗುತ್ತದೆ. ಹಾಗಾದರೆ ಕಾಯದೆ ಆಸ್ಪತ್ರೆಗೆ ಓಡಬೇಕು. ಈಗ ನಮ್ಮೂರಿನ ವಿಷಯಕ್ಕೆ ಬನ್ನಿ. ಏಪ್ರಿಲ್-ಮೇ ಸೆಕೆಯಲ್ಲಿ ತೋಟದಲ್ಲಿ ಬೆವರು ಸುರಿಸಿ ನೀರು ಸರಿಯಾಗಿ ಕುಡಿಯದಿದ್ದರೆ ಲಿಥಿಯಂ ಮಟ್ಟ ಏರುತ್ತದೆ. ಅಡಿಕೆ ಹೊತ್ತು ಸೊಂಟ ಹಿಡಿಯಿತು ಎಂದು ಮೆಡಿಕಲ್ಲಿಗೆ ಹೋಗಿ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ತಿಂದರೂ ಏರುತ್ತದೆ. ನೀರು ಸಹ ಮುಟ್ಟದೆ ಏಕಾದಶಿ ಉಪವಾಸ ಮಾಡುವವರು, ರಂಜಾನ್ ಉಪವಾಸ ಹಿಡಿಯುವವರು ಮೊದಲೇ ಡಾಕ್ಟರರ ಹತ್ತಿರ ಮಾತಾಡಬೇಕು. ಬಿಪಿ ಇದೆ ಎಂದು ಉಪ್ಪನ್ನು ಒಮ್ಮೆಲೇ ಬಿಟ್ಟುಬಿಡುವುದೂ ತೊಂದರೆಯೇ. ಒಪಿಡಿಯಲ್ಲಿ ಸಿಗುವ ಐದು ನಿಮಿಷದಲ್ಲಿ ಇಷ್ಟೆಲ್ಲ ಕೇಳಲು ಯಾರಿಗೂ ನೆನಪಾಗುವುದಿಲ್ಲ. ಗುಂಪಿನಲ್ಲಿ ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ.

ಆದರೆ ನನ್ನ ಮಟ್ಟಿಗೆ ಗುಂಪಿನ ನಿಜವಾದ ಕೆಲಸ ಸೂಚನೆಗಳನ್ನು ಹಿಡಿಯುವುದರಲ್ಲಿದೆ. ಮೇನಿಯಾ ಒಂದೇ ರಾತ್ರಿಯಲ್ಲಿ ಬಂದ ಹಾಗೆ ಕಂಡರೂ ಹೆಚ್ಚಿನವರಿಗೆ ಕೆಲವು ದಿನ, ಕೆಲವು ವಾರ ಮೊದಲೇ ಸಣ್ಣ ಸಣ್ಣ ಬದಲಾವಣೆ ಶುರುವಾಗಿರುತ್ತದೆ. ಅದು ಒಬ್ಬೊಬ್ಬರಿಗೆ ಒಂದೊಂದು ಥರ. ಒಬ್ಬರು ಶಾಲೆಯ ಗೆಳೆಯರ ನಂಬರ್ ಹುಡುಕಿ ಹುಡುಕಿ ರಾತ್ರಿ ಫೋನ್ ಮಾಡುತ್ತಾರೆ. ಇನ್ನೊಬ್ಬರಿಗೆ ಚಾದ ರುಚಿಯೇ ಬೇರೆ ಆಗುತ್ತದೆ, ಬಣ್ಣಗಳು ಜೋರಾಗಿ ಕಾಣುತ್ತವೆ. ಮತ್ತೊಬ್ಬರಿಗೆ ಬೆಳಗಿನ ಜಾವ ಮೂರು ಗಂಟೆಗೆ ಅಡಿಕೆ ಮರ ಕಡಿದು ರಂಬುಟಾನ್ ಹಾಕುವ ಯೋಜನೆ ಹೊಳೆಯುತ್ತದೆ. ರಂಬುಟಾನ್ ಕೆಟ್ಟ ಯೋಚನೆ ಏನಲ್ಲ. ಹೊಳೆದ ಗಂಟೆ ನೋಡಬೇಕು. ಬೆಳಗಾಗುವ ಹೊತ್ತಿಗೆ ಹೆಂಡತಿಯ ಬಂಗಾರ ಹಿಡಿದು ಸಹಕಾರಿ ಬ್ಯಾಂಕಿನ ಮೆಟ್ಟಿಲಲ್ಲಿ ನಿಂತರಾ ಎಂದು ನೋಡಬೇಕು.

ಇದನ್ನು ಮನೆಯವರೂ ಗಮನಿಸುತ್ತಾರೆ. ನೀವು ಅಕ್ಕ, ನಿಮಗೆ ಎಲ್ಲರಿಗಿಂತ ಮೊದಲೇ ಗೊತ್ತಾಗಿರಬಹುದು. ಆದರೆ "ನೀನು ಎರಡು ದಿನದಿಂದ ಸರಿಯಾಗಿ ಮಲಗಿಲ್ಲ" ಎಂದು ನೀವು ಹೇಳಿದಾಗ ತಮ್ಮನಿಗೆ ಅದು ಕಾವಲು ಕಾದ ಹಾಗೆ ಕೇಳಿಸುತ್ತದೆ. ಸಂತೋಷವಾಗಿ ಇದ್ದರೂ ಸಂಶಯ, ಸಿಟ್ಟು ಬಂದರೂ ಸಂಶಯ ಎಂದು ರೇಗುತ್ತಾರೆ. ಅದೇ ಮಾತನ್ನು ಗುಂಪಿನಲ್ಲಿ ತನ್ನ ಹಾಗೇ ಆಸ್ಪತ್ರೆಯಲ್ಲಿ ಮಲಗಿ ಬಂದವರು, "ನನಗೂ ಹಾಗೇ ಶುರುವಾಗಿತ್ತು, ನಿದ್ದೆ ಬೇಡ ಅನ್ನಿಸಿತ್ತು" ಎಂದಾಗ ಕಿವಿ ನೆಟ್ಟಗಾಗುತ್ತದೆ.

ಇನ್ನೊಂದು ವಿಷಯ ಗುಂಪಿನಲ್ಲಿ ಮಾತ್ರ ಬಾಯಿಗೆ ಬರುತ್ತದೆ. ಮೇನಿಯಾದ ಮೊದಲ ದಿನಗಳು ತುಂಬ ಹಿತವಾಗಿ ಇರುತ್ತವೆ. ಸುಸ್ತಿಲ್ಲ, ಹೆದರಿಕೆಯಿಲ್ಲ, ಮಾತು ನೀರಿನ ಹಾಗೆ ಬರುತ್ತದೆ. ಮದ್ದು ಹಿಡಿದ ಮೇಲೆ ಬದುಕು ಸಪ್ಪೆ ಅನ್ನಿಸುತ್ತದೆ. ಮದ್ದು ಬಿಡುವವರಲ್ಲಿ ಎಷ್ಟೋ ಜನ ಬಿಡುವುದು ಆ ದಿನಗಳ ಆಸೆಗೆ. ಇದನ್ನು ಅಮ್ಮನ ಹತ್ತಿರ ಹೇಳಲು ಸಾಧ್ಯವಾ? ಡಾಕ್ಟರ ಹತ್ತಿರ ಹೇಳಿದರೆ ಡೋಸ್ ಏರಿಸಿಯಾರು ಎಂಬ ಹೆದರಿಕೆ. ಗುಂಪಿನಲ್ಲಿ ಯಾರೋ ಒಬ್ಬರು ನಾಚಿಕೊಂಡು ಹೇಳುತ್ತಾರೆ, ಉಳಿದವರು ನಗುತ್ತಾರೆ, ಎಲ್ಲರಿಗೂ ಹಾಗೇ ಆಗಿದೆ ಎಂದು ಗೊತ್ತಾಗುತ್ತದೆ. ಆಮೇಲೆ ಆ ಹಿತದ ದಿನಗಳ ಹಿಂದೆಯೇ ಬಂದ ಸಾಲ, ಜಗಳ, ಆಸ್ಪತ್ರೆಯ ಮಾತೂ ಬರುತ್ತದೆ. ಯಾರೂ ಉಪದೇಶ ಮಾಡಬೇಕಾಗುವುದಿಲ್ಲ.

ನಿದ್ದೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಮದ್ದಳೆಯ ಮಾತು ಬರೆದಿದ್ದೀರಿ. ಬೈಪೋಲಾರ್ ಇರುವವರಿಗೆ ನಿದ್ದೆಗೆಟ್ಟರೆ, ಕೆಲವರಿಗಂತೂ ಒಂದೇ ರಾತ್ರಿ ಕೆಟ್ಟರೂ ಮೇನಿಯಾಕ್ಕೆ ದಾರಿಯಾಗಬಹುದು. ನಮ್ಮ ಕಡೆ ದೀಪಾವಳಿ ಕಳೆದ ಮೇಲೆ ಮೇ ತಿಂಗಳ ಪತ್ತನಾಜೆಯವರೆಗೆ ರಾತ್ರಿಗಳು ಹೇಗಿರುತ್ತವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇವತ್ತು ಯಕ್ಷಗಾನದ ಆಟ, ನಾಳೆ ಭೂತಕೋಲ, ನಾಡಿದ್ದು ದೇವಸ್ಥಾನದ ಬ್ರಹ್ಮಕಲಶ. ಹಾಗೆಂದು ಮದ್ದಳೆ ಬಿಡಿಸಬೇಡಿ. ಅದು ಅವರಿಗೆ ಊರಿನಲ್ಲಿರುವ ಮರ್ಯಾದೆ, ಜನರ ಜೊತೆಗಿನ ಸಂಬಂಧ. ಅದನ್ನು ಕಿತ್ತರೆ ಡಿಪ್ರೆಶನ್ನಿಗೆ ಬಾಗಿಲು ತೆರೆದ ಹಾಗೆ. ಮಧ್ಯರಾತ್ರಿಗೆ ಮೊದಲೇ ಮುಗಿಯುವ ಕಾಲಮಿತಿ ಆಟ, ಸಂಜೆಯ ತಾಳಮದ್ದಳೆ ಒಪ್ಪಿಕೊಳ್ಳಲಿ. ಬೆಳಗಿನವರೆಗಿನ ಆಟಕ್ಕೆ ಸಂಘದಲ್ಲಿ ಬೇರೆ ಮದ್ದಳೆಗಾರರು ಇಲ್ಲವಾ? ಒಂದು ದಿನ ತಡವಾದರೆ ಮರುದಿನ ಎಲ್ಲಿಗೂ ಹೋಗದೆ ಮಾಮೂಲಿ ಹೊತ್ತಿಗೆ ಮಲಗುವುದು ಎಂದು ಮೊದಲೇ ನಿಶ್ಚಯಿಸಿಕೊಳ್ಳಲಿ. ಇಂಥ ಲೆಕ್ಕಾಚಾರಗಳನ್ನು ಗುಂಪಿನಲ್ಲಿ ಕೂತು ಹಾಕುತ್ತಾರೆ. ಬದುಕಿನ ಗೆರೆಯನ್ನು ಕಾಗದದ ಮೇಲೆ ಎಳೆಸುತ್ತಾರೆ. ಯಾವಾಗ ಏರಿತು, ಯಾವಾಗ ಇಳಿಯಿತು, ಅದಕ್ಕೆ ಮೊದಲು ಏನಾಗಿತ್ತು. ದುಬೈಯಲ್ಲಿ ಮೊದಲ ಸಲ ಬಂದಾಗ ನೈಟ್ ಡ್ಯೂಟಿ ಇತ್ತಾ ಎಂದು ನೀವು ಬರೆದಿಲ್ಲ. ಅಲ್ಲಿ ಕೇಳುತ್ತಾರೆ.

ಬೇರೆಯವರ ಕಥೆ ಕೇಳಿ ಜಾಸ್ತಿ ಆಗುವುದಾ ಎಂಬ ನಿಮ್ಮ ಹೆದರಿಕೆ. ಮೊದಲ ಒಂದೆರಡು ಸಲ ಮನಸ್ಸು ಭಾರವಾಗಬಹುದು, ನಿಜ. ತನಗಿಂತ ತೀರಾ ಕಷ್ಟಪಟ್ಟವರನ್ನು ನೋಡಿ "ನಾನೂ ಹೀಗೇ ಆಗುತ್ತೇನಾ" ಅನ್ನಿಸುತ್ತದೆ. ಅದನ್ನು ಗುಂಪು ನಡೆಸುವವರ ಹತ್ತಿರ ಹೇಳಬೇಕು. ನಡೆಸುವವರು ಸೈಕಿಯಾಟ್ರಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಈ ಕೆಲಸದಲ್ಲೇ ತರಬೇತಾದ ಸೋಶಿಯಲ್ ವರ್ಕರ್ ಆಗಿರಬೇಕು. ಯಾರಾದರೂ ಸಾಯುವ ಮಾತು ಆಡಿದರೆ ಏನು ಮಾಡುತ್ತೀರಿ ಎಂದು ನೀವು ಮೊದಲೇ ಕೇಳಿ. ಆ ದಿನವೇ ಪ್ರತ್ಯೇಕವಾಗಿ ಕೂರಿಸಿ ಮಾತಾಡಿ ಡಾಕ್ಟರಿಗೂ ಮನೆಯವರಿಗೂ ತಿಳಿಸುವ ವ್ಯವಸ್ಥೆ ಇದೆಯಾ ಎಂದು. ಇದಕ್ಕೆ ತಡವರಿಸದೆ ಉತ್ತರ ಕೊಡುವ ಗುಂಪಿಗೆ ಧೈರ್ಯವಾಗಿ ಕಳಿಸಬಹುದು.

ವಾಟ್ಸಾಪ್ ಗುಂಪುಗಳ ಬಗ್ಗೆ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯ ಇಲ್ಲ. ರಾತ್ರಿ ಎರಡು ಗಂಟೆಗೆ ಮೆಸೇಜ್ ಹಾಕುವವರು ಯಾರು ಎಂದು ಯೋಚಿಸಿ. ಮಲಗದವರು. ಅದನ್ನು ಓದಲು ಇನ್ನೊಬ್ಬರ ನಿದ್ದೆ ಹೋಗುತ್ತದೆ. ಒಬ್ಬರ ಡೋಸನ್ನು ಇನ್ನೊಬ್ಬರು ಹೇಳುತ್ತಾರೆ. ನಡೆಸುವವರೇ ಮಾಡಿದ, ರಾತ್ರಿ ಮುಚ್ಚುವ ಗುಂಪಾದರೆ ಅಡ್ಡಿಯಿಲ್ಲ.

ಅಮ್ಮನ ಚಿಂತೆಯನ್ನು ಸುಮ್ನೆ ತಳ್ಳಿಹಾಕಬೇಡಿ. ಅದಕ್ಕೆ ಆಧಾರ ಇದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಯ ವಿಷಯವನ್ನು ಗುಟ್ಟಾಗಿ ಇಡಬೇಕು ಎನ್ನುತ್ತದೆ. ಆದರೆ ಅದು ಕಟ್ಟಿಹಾಕುವುದು ಚಿಕಿತ್ಸೆ ಕೊಡುವವರನ್ನು. ಪಕ್ಕದ ಕುರ್ಚಿಯಲ್ಲಿ ಕೂತವರನ್ನು ಕಟ್ಟಿಹಾಕುವುದು ಅವರು ಕೊಟ್ಟ ಮಾತು ಮಾತ್ರ. ಮೊದಲ ದಿನವೇ ಎಲ್ಲರಿಂದ ಆ ಮಾತು ತೆಗೆದುಕೊಳ್ಳುತ್ತಾರೆ, ಮತ್ತು ಅದನ್ನು ಜನ ಉಳಿಸಿಕೊಳ್ಳುತ್ತಾರೆ. ಎಲ್ಲರದ್ದೂ ಒಂದೇ ಗುಟ್ಟಲ್ಲವಾ? ಆದರೂ ನಮ್ಮದು ಸಣ್ಣ ಊರು, ಅಡ್ಡಹೆಸರು ಹೇಳಿದರೆ ಅಜ್ಜನ ತರವಾಡು ಮನೆಯವರೆಗೆ ಗುರುತು ಹಿಡಿಯುವ ಜಾಗ. ಹಾಗಾಗಿ ಸ್ವಂತ ಪಂಚಾಯತಿನ ಗುಂಪಿಗಿಂತ ಸ್ವಲ್ಪ ದೂರದ್ದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಮಂಗಳೂರಿಗೆ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಭಾವಿಸಬೇಡಿ. ಅಲ್ಲಿನ ಆಸ್ಪತ್ರೆಗಳ ವರಾಂಡದಲ್ಲಿ ಅರ್ಧ ಕಾಸರಗೋಡೇ ಕೂತಿರುತ್ತದೆ.

ಇನ್ನೊಂದು ಲೆಕ್ಕ ಅಮ್ಮನಿಗೆ ಹೇಳಿ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ಸುಮಾರು ಸಾವಿರಕ್ಕೆ ಐದು ಜನರಿಗೆ ಬದುಕಿನಲ್ಲಿ ಎಂದಾದರೂ ಬೈಪೋಲಾರ್ ಬಂದಿರುತ್ತದೆ. 2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13 ಲಕ್ಷ. ಮಕ್ಕಳನ್ನು ಬಿಟ್ಟು ಲೆಕ್ಕ ಹಾಕಿದರೂ ನಾಲ್ಕು ಸಾವಿರಕ್ಕೆ ಕಡಿಮೆ ಬರುವುದಿಲ್ಲ. ಅವರೆಲ್ಲ ಎಲ್ಲಿದ್ದಾರೆ? ಮದುವೆಯಾಗಿ, ಮಕ್ಕಳಾಗಿ, ಅಂಗಡಿ ನಡೆಸಿ, ಪಾಠ ಮಾಡಿ ಊರಿನಲ್ಲೇ ಇದ್ದಾರೆ. ಮದುವೆಗೆ ಅಡ್ಡಿಯಾಗುವುದು ಗುಂಪಿಗೆ ಹೋದ ಸುದ್ದಿಗಿಂತ ಮೂರನೆಯ ಸಲ ಮೇನಿಯಾ ಬಂದು ಪೇಟೆ ನಡುವೆ ಆಗುವ ಗಲಾಟೆ. ಮತ್ತೆ, ಮುಚ್ಚಿಟ್ಟು ಮದುವೆ ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಆಗುವ ಹುಡುಗಿಗೆ ಹೇಗೆ ಹೇಳುವುದು ಎಂಬುದನ್ನೂ ಗುಂಪಿನಲ್ಲಿ ಮದುವೆಯಾದವರಿಂದ ಕೇಳಿ ತಿಳಿಯಬಹುದು.

ಹಾಂ, ಜೋಯಿಸರ ಹತ್ತಿರ ಪ್ರಶ್ನೆ ಇಡಿಸುವುದು, ಹರಕೆ ಹೇಳುವುದು ನಡೆದಿದ್ದರೆ ನಡೆಯಲಿ. ಮದ್ದು ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಆ ಒಂದು ಮಾತನ್ನು ಮಾತ್ರ ಕೇಳಬೇಡಿ.

ಭಾಷೆಯ ವಿಷಯದಲ್ಲಿ ನಾನು ಸ್ವಲ್ಪ ಹಟದವನು. ಗಲ್ಫಿನಲ್ಲಿ ಇದ್ದವರಿಗೆ ಮಲಯಾಳ ಚೆನ್ನಾಗಿಯೇ ಬರುತ್ತದೆ, ವ್ಯಾಪಾರಕ್ಕೆ ಸಾಕು, ಪಾಠ ಕೇಳಲೂ ಸಾಕು. ಆದರೆ "ಬೆಳಿಗ್ಗೆ ಎದ್ದರೆ ಎದೆ ಮೇಲೆ ಏನೋ ಕೂತ ಹಾಗೆ" ಎಂದು ಹೇಳಬೇಕಾದಾಗ ಮನೆಮಾತೇ ಬೇಕು. ಹತ್ತಿರದ ಗುಂಪಿನವರಿಗೆ ಫೋನ್ ಮಾಡಿ, ತಮ್ಮ ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಿದರೆ ನಡೆಸುವವರಿಗೆ ಅರ್ಥವಾಗುತ್ತದಾ ಎಂದು ಕೇಳಿ. ಏಳು ಭಾಷೆಯ ಜಿಲ್ಲೆ ಇದು, ಒಬ್ಬರು ಒಂದರಲ್ಲಿ ಕೇಳಿ ಇನ್ನೊಬ್ಬರು ಇನ್ನೊಂದರಲ್ಲಿ ಉತ್ತರಿಸುವುದು ಬಸ್ಸಿನಲ್ಲಿ ದಿನವೂ ನಡೆಯುತ್ತದೆ. ಅರ್ಥವಾಗುತ್ತದೆ ಎಂದರೆ ಅಲ್ಲಿಗೇ ಕಳಿಸಿ. ಇಲ್ಲವೆಂದರೆ ಮಂಗಳೂರಿನಲ್ಲಿ ಕನ್ನಡ-ತುಳು ಗುಂಪು ಹುಡುಕಿ. ಡಾಕ್ಟರನ್ನು ಕಾಣುವ ದಿನವೇ ಗುಂಪೂ ಇದ್ದರೆ ಬಸ್ಸಿನ ಖರ್ಚು ಒಂದೇ.

ಮಂಗಳೂರಿಗೆ ಹೋದರೂ ಊರಿನ ಕೊಂಡಿ ಬಿಡಬೇಡಿ. 2020ರ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಡಾಕ್ಟರರನ್ನೇ ನಂಬಿದ್ದವರ ಪಾಡು ಏನಾಯಿತು ಎಂದು ನಿಮಗೆ ನೆನಪಿರಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ನಿಮಗೆ ಹತ್ತಿರದ ಯಾವ ಸರಕಾರಿ ಆಸ್ಪತ್ರೆಯಲ್ಲಿ, ಯಾವ ದಿನ ಎಂದು ವಿಚಾರಿಸಿ, ಒಮ್ಮೆ ಹೋಗಿ ಚೀಟಿ ಮಾಡಿಸಿಡಿ. ಲಿಥಿಯಂ ಮುಗಿಯುವ ಒಂದು ವಾರ ಮೊದಲೇ ತರಿಸಿ. ರಾತ್ರಿ-ಹಗಲು ಯಾವಾಗ ಬೇಕಾದರೂ 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಸಿಗುತ್ತದೆ. ಅದು ಸರಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಗುಂಪಿನ ಕೊನೆಕೊನೆಗೆ ಒಂದು ಕಾಗದ ಬರೆಸುತ್ತಾರೆ. ಮತ್ತೆ ಸೂಚನೆ ಕಂಡರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು, ಎಟಿಎಂ ಕಾರ್ಡ್ ಮತ್ತು ಬೈಕಿನ ಕೀ ಯಾರ ಕೈಗೆ ಕೊಡಬೇಕು, ಯಾವ ಆಸ್ಪತ್ರೆ. ಅದನ್ನು ತಮ್ಮನೇ ಬರೆಯಬೇಕು, ನೀವು ಹೇಳಿ ಬರೆಸಬಾರದು. ತನಗೆ ಹೇಗೆ ಚಿಕಿತ್ಸೆ ಕೊಡಬೇಕು, ಹೇಗೆ ಕೊಡಬಾರದು ಎಂದು ಚೆನ್ನಾಗಿರುವಾಗಲೇ ಬರೆದಿಡುವ ಹಕ್ಕನ್ನು ನಾನು ಮೇಲೆ ಹೇಳಿದ ಕಾಯಿದೆಯೇ ಕೊಟ್ಟಿದೆ. ಕೀ ಕೊಡು ಎಂದು ಕೇಳುವ ದಿನ ಬಂದರೆ ನೀವು ತೋರಿಸುವುದು ಅವರದೇ ಕೈಬರಹ.

ಇಷ್ಟೆಲ್ಲ ಹೇಳಿದ ಮೇಲೂ ಬರುವುದಿಲ್ಲ ಎಂದರೆ ಒತ್ತಾಯಿಸಬೇಡಿ. ಮನೆಯವರಿಗೆಂದೇ ಕೂಟ ನಡೆಸುವ ಕಡೆಯಾದರೆ ಮೊದಲು ನೀವೂ ಅಮ್ಮನೂ ಹೋಗಿ ಬನ್ನಿ. ಬಂದ ಮೇಲೆ ಅಲ್ಲಿ ಏನಾಯಿತು ಎಂದು ಊಟದ ಹೊತ್ತಿಗೆ ಮಾತಾಡಿಕೊಳ್ಳಿ, ತಮ್ಮ ಕೇಳಿಸಿಕೊಳ್ಳಲಿ. ಒಪ್ಪಿದರೆ, ಮೊದಲ ದಿನ ಬಾಯಿ ಬಿಡಲೇಬೇಕೆಂದಿಲ್ಲ, ಹೆಸರು ಹೇಳಿ ಸುಮ್ನೆ ಕೂತರೂ ಆಗುತ್ತದೆ ಎಂದು ಈಗಲೇ ಹೇಳಿಡಿ. ಕಳೆದ ಸಲದ ಲಿಥಿಯಂ, ಥೈರಾಯ್ಡ್, ಕಿಡ್ನಿ ರಿಪೋರ್ಟುಗಳನ್ನು ಜೊತೆಗೆ ಒಯ್ಯಲಿ. ಆರು ತಿಂಗಳು ದಾಟಿದ್ದರೆ ಹೊಸತಾಗಿ ಮಾಡಿಸಿ. ಲಿಥಿಯಂ ಪರೀಕ್ಷೆಗೆ ರಕ್ತ ಕೊಡುವುದು ಕೊನೆಯ ಮಾತ್ರೆ ತೆಗೆದುಕೊಂಡು 12 ಗಂಟೆ ಆದ ಮೇಲೆ. ರಾತ್ರಿ ಒಂಬತ್ತಕ್ಕೆ ತೆಗೆದುಕೊಂಡಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬಿನಲ್ಲಿ ಇರಲಿ. ಬೆಳಗಿನ ಮಾತ್ರೆ ಇದ್ದರೆ ಅದನ್ನು ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಲಿ.